ವರ್ಷದ ಓದು: ಮೊದಲು ನೆನಪು, ಆಮೇಲೆ ಪಟ್ಟಿ

ಡಿಸೆಂಬರ್ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ನನ್ನ ಹತ್ತಿರ ಬರುತ್ತದೆ. "ಈ ವರ್ಷ ಏನೇನು ಓದಿದೆ ಅಂತಲೇ ನೆನಪಿಲ್ಲ, ಪಟ್ಟಿ ಹೇಗೆ ಮಾಡೋದು?" "ಮೆಚ್ಚಿನ ಹತ್ತು ಪುಸ್ತಕ ಆರಿಸೋಕೆ ಕೂತರೆ ನಾಲ್ಕಕ್ಕೇ ಗಾಡಿ ನಿಂತುಹೋಗುತ್ತೆ." "ಪುಸ್ತಕ ಇಷ್ಟವಾಗಿದೆ, ಯಾಕೆ ಅಂತ ಎರಡು ಸಾಲು ಬರೆಯೋಕೆ ಬರಲ್ಲ." ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಯಿತು. ಅದಕ್ಕೇ ನಾನು ಮಾಡುವ ಕ್ರಮವನ್ನು ಇಲ್ಲಿ ಪೂರ್ತಿ ಬರೆದಿಟ್ಟಿದ್ದೇನೆ. ನೀವು ವರ್ಷಕ್ಕೆ ಆರು ಪುಸ್ತಕ ಓದುವವರಾದರೂ ಸರಿ, ಅರವತ್ತು ಓದುವವರಾದರೂ ಸರಿ, ಕ್ರಮ ಒಂದೇ.

ಬೇಕಾಗುವುದು ಇಷ್ಟೇ. ಒಂದು ನೋಟ್‌ಬುಕ್, ಒಂದು ಪೆನ್ನು, ನಿಮ್ಮ ಫೋನು, ಎರಡು ಬಿಡುವಿನ ಸಂಜೆ. ಆ್ಯಪ್ ಬೇಕೇ ಬೇಕು ಅಂತೇನಿಲ್ಲ. ಮನೆಯಲ್ಲಿ ಓದಿದ ಪುಸ್ತಕಗಳು ಇದ್ದರೆ ಮೇಜಿನ ಮೇಲೆ ತಂದಿಟ್ಟುಕೊಳ್ಳಿ. ಆದರೆ ಈಗಲೇ ಬೇಡ, ಎರಡನೆಯ ಹಂತದವರೆಗೆ ಅವು ಕಪಾಟಿನಲ್ಲೇ ಇರಲಿ.

ಹಂತ 1: ಏನನ್ನೂ ನೋಡದೆ ನೆನಪಿನಿಂದ ಬರೆಯಿರಿ

ಇಡೀ ಕ್ರಮದಲ್ಲಿ ನನಗೆ ಮುಖ್ಯವೆನಿಸುವ ಹಂತ ಇದು. ಜನ ಹಾರಿಸಿಬಿಡುವುದೂ ಇದನ್ನೇ.

ಫೋನನ್ನು ಬೇರೆ ಕೋಣೆಯಲ್ಲಿಡಿ. ಕಪಾಟಿಗೆ ಬೆನ್ನು ಹಾಕಿ ಕೂರಿ. ಇಪ್ಪತ್ತು ನಿಮಿಷ ಸಮಯ ಕೊಟ್ಟುಕೊಂಡು, ಈ ವರ್ಷ ಓದಿದ್ದರಲ್ಲಿ ನೆನಪಿಗೆ ಬಂದದ್ದನ್ನೆಲ್ಲ ಬರೆಯುತ್ತಾ ಹೋಗಿ. ಹೆಸರಿನ ಪಕ್ಕದಲ್ಲಿ ಆ ಪುಸ್ತಕದಿಂದ ಉಳಿದಿರುವ ಒಂದೇ ಒಂದು ಸಂಗತಿಯನ್ನು ಬರೆಯಿರಿ. ಅದು ಒಂದು ದೃಶ್ಯ ಇರಬಹುದು, ಒಂದು ಮಾತು ಇರಬಹುದು, ಓದುವಾಗ ಬಂದ ಸಿಟ್ಟು ಇರಬಹುದು. ಹೆಸರೇ ನೆನಪಾಗಲಿಲ್ಲವೆ? ಪರವಾಗಿಲ್ಲ. "ಮನೆ ತುಂಬ ಇರುವೆ, ಮಸಾಲೆ ವ್ಯಾಪಾರದ ಮನೆಯವರು" ಅಂತ ಬರೆದರೂ ಸಾಕು. ಅದು ವಿವೇಕ ಶಾನಭಾಗರ ಘಾಚರ್ ಘೋಚರ್ ಎಂದು ಆಮೇಲೆ ತಾನಾಗಿ ಗೊತ್ತಾಗುತ್ತದೆ.

ಯಾಕೆ ಹೀಗೆ? ಪಟ್ಟಿಯನ್ನು ಮೊದಲು ನೋಡಿದರೆ ಎಲ್ಲ ಪುಸ್ತಕಗಳೂ ಒಂದೇ ಸಾಲಿನಲ್ಲಿ, ಒಂದೇ ಎತ್ತರಕ್ಕೆ ನಿಂತುಬಿಡುತ್ತವೆ. ಮುಖಪುಟ ಕಂಡ ಕೂಡಲೇ "ಓ, ಇದು ಚೆನ್ನಾಗಿತ್ತು" ಅನ್ನಿಸುತ್ತದೆ. ಆ ಮಾತು ಪುಸ್ತಕದ್ದೋ ಮುಖಪುಟದ್ದೋ ಆಮೇಲೆ ಬಿಡಿಸಲು ಬರುವುದಿಲ್ಲ. ಏನೂ ನೋಡದೆ ಬರೆದಾಗ ಮಾತ್ರ ಯಾವ ಪುಸ್ತಕ ನಿಮ್ಮೊಳಗೆ ಉಳಿದಿದೆ ಎಂಬುದು ಸಿಗುತ್ತದೆ.

ಎಚ್ಚರಿಕೆ: ಈ ಹಾಳೆಯನ್ನು ಆಮೇಲೆ ತಿದ್ದಬೇಡಿ. ಎರಡನೆಯ ದಿನ "ಅಯ್ಯೋ, ಇದನ್ನು ಹೇಗೆ ಮರೆತೆ" ಎಂದು ನಡುವೆ ತುರುಕಿದರೆ ಹಾಳೆ ಉಪಯೋಗಕ್ಕೆ ಬರುವುದಿಲ್ಲ. ಮೇಲೆ ತಾರೀಕು ಹಾಕಿ ಮುಚ್ಚಿಡಿ.

ಹಂತ 2: ಸಾಕ್ಷಿ ಹುಡುಕಿ

ಈಗ ಪತ್ತೇದಾರಿ ಕೆಲಸ. ವರ್ಷವಿಡೀ ಡೈರಿ ಬರೆದಿಲ್ಲದಿದ್ದರೂ ಓದು ಎಲ್ಲೆಲ್ಲೋ ಗುರುತು ಬಿಟ್ಟಿರುತ್ತದೆ. ಕಪಾಟು, ದಿಂಬಿನ ಪಕ್ಕ, ಆಫೀಸಿನ ಚೀಲ, ಊರಿನ ಮನೆ, ಎಲ್ಲ ಕಡೆ ನೋಡಿ. ಆನ್‌ಲೈನ್ ಅಂಗಡಿಗಳಲ್ಲಿ ನಿಮ್ಮ ಆರ್ಡರ್‌ಗಳ ಹಳೆಯ ಪಟ್ಟಿ ಇರುತ್ತದೆ. ಪುಸ್ತಕದ ಅಂಗಡಿಗೆ ಯುಪಿಐ ಮೂಲಕ ದುಡ್ಡು ಕೊಟ್ಟಿದ್ದರೆ ತಾರೀಕು ಅಲ್ಲೇ ಸಿಗುತ್ತದೆ. ಫೋನಿನ ಗ್ಯಾಲರಿಯಲ್ಲಿ ಪುಟಗಳ ಫೋಟೊ ಇದೆಯೇ ನೋಡಿ. ಇಷ್ಟವಾದ ಸಾಲಿನ ಫೋಟೊ ತೆಗೆಯುವ ಅಭ್ಯಾಸ ಈಗ ಎಲ್ಲರಿಗೂ ಇದೆ, ಅದೇ ನಿಮ್ಮ ಅಡಿಗೆರೆ. ವಾಟ್ಸ್ಆ್ಯಪ್‌ನಲ್ಲಿ "ಓದಿದೆ", "ಕಾದಂಬರಿ", "ಪುಸ್ತಕ" ಎಂದು ಹುಡುಕಿ. ಗೆಳೆಯರಿಗೆ ಬರೆದ ಎರಡು ಸಾಲಿನಲ್ಲಿ ಎಷ್ಟೋ ಸಲ ಇಡೀ ವಿಮರ್ಶೆಯೇ ಇರುತ್ತದೆ.

ಸಾರ್ವಜನಿಕ ಗ್ರಂಥಾಲಯದಿಂದ ತಂದವುಗಳಿಗೆ ಎರವಲು ಕಾರ್ಡ್ ನೋಡಿ, ಇಲ್ಲವೇ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಗ್ರಂಥಾಲಯಕ್ಕೆ ಹೋಗುವ ರೂಢಿಯೇ ಇಲ್ಲದವರಿಗೆ ಸುಮ್ನೆ ಒಂದು ಮಾತು: 1965ರ ಕಾಯ್ದೆಯ ಪ್ರಕಾರ ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ದುಡ್ಡು ಕೊಟ್ಟಾಗಿದೆ, ಪುಸ್ತಕ ತರುವುದಷ್ಟೇ ಬಾಕಿ.

ವಾರಪತ್ರಿಕೆ, ಮಾಸಪತ್ರಿಕೆ, ದೀಪಾವಳಿ ವಿಶೇಷಾಂಕಗಳನ್ನು ಮರೆಯಬೇಡಿ. ಕನ್ನಡದಲ್ಲಿ ಒಳ್ಳೆಯ ಸಣ್ಣಕತೆಗಳು ಎಷ್ಟೋ ಸಲ ಮೊದಲು ಬರುವುದು ಅಲ್ಲೇ.

ಎಲ್ಲರೂ ಬೀಳುವ ಹಳ್ಳ ಒಂದಿದೆ: ಕೊಂಡದ್ದು ಬೇರೆ, ಓದಿದ್ದು ಬೇರೆ. ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲಿ ತಿರುಗಿದವರಿಗೆ ಇದು ಚೆನ್ನಾಗಿ ಗೊತ್ತು. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೆಯ ಸಮ್ಮೇಳನ ನಡೆದಾಗ ಚೀಲ ತುಂಬ ಪುಸ್ತಕ ಹೊತ್ತು ಬಂದವರಲ್ಲಿ ನಾನೂ ಒಬ್ಬ. ಬಿಲ್ಲಿನಲ್ಲಿ ಇದ್ದದ್ದಕ್ಕೂ ಆಮೇಲೆ ಓದಿದ್ದಕ್ಕೂ ಅಜಗಜಾಂತರ. ನವೆಂಬರ್‌ನ ರಾಜ್ಯೋತ್ಸವ ರಿಯಾಯಿತಿಯಲ್ಲಿ ಕೊಂಡದ್ದೂ ಹಾಗೆಯೇ. ಹಾಗಾಗಿ ಬಿಲ್ಲನ್ನು ಸಾಕ್ಷಿ ಎನ್ನುವ ಮೊದಲು ಪುಸ್ತಕ ತೆರೆದು ನೋಡಿ. ಮಡಿಕೆ, ಗೆರೆ, ನಡುವೆ ಸಿಕ್ಕಿಕೊಂಡ ಬಸ್ ಟಿಕೆಟ್ ನಿಜ ಹೇಳುತ್ತವೆ.

ಎರವಲು ತಂದು ಓದಿ ವಾಪಸ್ ಕೊಟ್ಟ ಪುಸ್ತಕಗಳು ಪಟ್ಟಿಯಿಂದ ತಪ್ಪಿಹೋಗುವುದೇ ಜಾಸ್ತಿ. ಕೊಟ್ಟವರಿಗೆ ಫೋನ್ ಮಾಡಿ ಕೇಳಿ. ವಾಪಸ್ ಕೊಟ್ಟೇ ಇಲ್ಲ ಎಂಬುದು ಆಗ ಬಯಲಾದರೆ, ಅದೂ ಒಳ್ಳೆಯದೇ.

ಹಂತ 3: ಎಣಿಕೆಯ ನಿಯಮ ಮೊದಲೇ ಗೊತ್ತುಮಾಡಿಕೊಳ್ಳಿ

"ಇದನ್ನು ಸೇರಿಸಬಹುದಾ?" ಎಂದು ಕೇಳುವವರು ಬಹಳ. ಸೇರಿಸಲು ಯಾರ ಅಪ್ಪಣೆಯೂ ಬೇಡ. ಆದರೆ ವರ್ಷವರ್ಷಕ್ಕೆ ನಿಯಮ ಬದಲಾಯಿಸಿದರೆ ಹೋದ ವರ್ಷದ ಜೊತೆ ಹೋಲಿಸಲು ಬರುವುದಿಲ್ಲ. ಅದಕ್ಕೇ ಮೊದಲ ಪುಟದಲ್ಲಿ ನಿಮ್ಮ ನಿಯಮಗಳನ್ನು ಬರೆದುಬಿಡಿ. ನನ್ನವು ಹೀಗಿವೆ.

ಅರ್ಧಕ್ಕೆ ಬಿಟ್ಟದ್ದು ಎಣಿಕೆಗೆ ಇಲ್ಲ, ಅದಕ್ಕೆ ಬೇರೆಯೇ ಪಟ್ಟಿ ಇದೆ. ಮರುಓದು, ಅಂದರೆ ಹಿಂದೆ ಓದಿದ್ದನ್ನು ಮತ್ತೆ ಓದಿದ್ದು, ಖಂಡಿತ ಸೇರುತ್ತದೆ, ಪಕ್ಕದಲ್ಲಿ "ಮ" ಎಂದು ಗುರುತು ಹಾಕುತ್ತೇನೆ. ಆಡಿಯೊ ಪುಸ್ತಕ ಪೂರ್ತಿ ಕೇಳಿದ್ದರೆ ಸೇರುತ್ತದೆ, ಗುರುತು "ಕೇ". ಕಿವಿಯಿಂದ ಓದಿದ್ದು ಓದೇ ಅಲ್ಲ ಎನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿಯೇ ಬಲ್ಲ ಹಿರಿಯರನ್ನು ನೋಡಿ ಬೆಳೆದವನು ನಾನು. ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿದ ಪುಸ್ತಕ ಸೇರುತ್ತದೆ. ಒಂದನ್ನೇ ಮೂವತ್ತು ಸಲ ಓದಿಸಿದ್ದರೂ ಎಣಿಕೆ ಒಂದೇ!

ನಾಟಕವಾಗಿ ನೋಡಿದ್ದು ಸೇರುವುದಿಲ್ಲ. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ಕಾದಂಬರಿಯನ್ನು ರಂಗದ ಮೇಲೆ ರಾತ್ರಿಯಿಡೀ ಕೂತು ನೋಡಿದವರು ತುಂಬ ಜನರಿದ್ದಾರೆ. ಬೆಳಗಿನ ಜಾವ ಎದ್ದು ಬರುವಾಗ ಇಡೀ ಪುಸ್ತಕ ಓದಿ ಮುಗಿಸಿದ ಹಾಗೇ ಅನ್ನಿಸುತ್ತದೆ. ಆದರೂ ಅದು ನೋಡಿದ್ದು.

ಒಂದೇ ವರ್ಷಕ್ಕೆ ಮುಗಿಯದ ಪುಸ್ತಕಗಳ ಕತೆ ಬೇರೆ. ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗದಲ್ಲಿ 945 ಪದ್ಯಗಳಿವೆ. ದಿನಕ್ಕೊಂದರಂತೆ ಓದಿದರೆ ಎರಡೂವರೆ ವರ್ಷ ದಾಟುತ್ತದೆ. ವಚನಗಳ ಸಂಪುಟ, ಕವನ ಸಂಕಲನಗಳನ್ನೂ ನಾವು ಓದುವುದು ಹೀಗೇ, ಅಲ್ಲಲ್ಲಿ ತೆರೆದು. ಇಂಥವಕ್ಕೆ "ಓದುತ್ತಿರುವುದು" ಎಂಬ ಬೇರೆ ಸಾಲು ಇಡಿ. ಡಿಸೆಂಬರ್ 31ರೊಳಗೆ ಮುಗಿಸಿ ಸಂಖ್ಯೆಗೆ ಒಂದು ಸೇರಿಸಬೇಕು ಎಂದು ಕಗ್ಗವನ್ನು ದಿನಕ್ಕೆ ನಲವತ್ತು ಪದ್ಯದಂತೆ ಓದಿದವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ.

ಹಂತ 4: ಪುಸ್ತಕದ ವಿವರ ಸರಿಯಾಗಿ ಬರೆದುಕೊಳ್ಳಿ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಪುಸ್ತಕದ ಒಳಗೆ ಶೀರ್ಷಿಕೆಯ ಹಾಳೆಯನ್ನು ತಿರುವಿದರೆ ಮುದ್ರಣದ ವಿವರಗಳಿರುವ ಪುಟ ಸಿಗುತ್ತದೆ. ಮೊದಲ ಮುದ್ರಣ ಯಾವಾಗ, ನಿಮ್ಮ ಕೈಯಲ್ಲಿರುವುದು ಎಷ್ಟನೆಯ ಮುದ್ರಣ, ಪ್ರಕಾಶಕರು ಯಾರು, ಪುಟ ಎಷ್ಟು, ಬೆಲೆ ಎಷ್ಟು, ಎಲ್ಲ ಅಲ್ಲಿರುತ್ತದೆ. "1/8 ಡೆಮಿ" ಎಂದು ಬರೆದಿದ್ದರೆ ಅದು ಪುಸ್ತಕದ ಅಳತೆ, ಡೆಮಿ ಎಂಬ ದೊಡ್ಡ ಹಾಳೆಯ ಎಂಟನೆಯ ಒಂದು ಭಾಗ. "70 ಜಿಎಸ್ಎಂ" ಎಂದರೆ ಒಂದು ಚದರ ಮೀಟರ್ ಕಾಗದದ ತೂಕ 70 ಗ್ರಾಂ. ನಿಮ್ಮ ಪಟ್ಟಿಗೆ ಇವೆರಡೂ ಬೇಕಿಲ್ಲ, ಕಂಡು ಗಾಬರಿಯಾಗಬೇಡಿ ಎಂದು ಹೇಳಿದೆ ಅಷ್ಟೇ.

ಬೇಕಾದದ್ದು ಐದು: ಹೆಸರು, ಬರೆದವರು, ಅನುವಾದವಾದರೆ ಅನುವಾದಕರು, ಮೊದಲು ಅಚ್ಚಾದ ವರ್ಷ, ನೀವು ಓದಿ ಮುಗಿಸಿದ ತಿಂಗಳು.

ಮೊದಲು ಅಚ್ಚಾದ ವರ್ಷ ಯಾಕೆ? "2025ರ ಅತ್ಯುತ್ತಮ ಪುಸ್ತಕಗಳು" ಎಂದು ತಲೆಬರಹ ಕೊಟ್ಟು ಒಳಗೆ ಚೋಮನ ದುಡಿಯನ್ನು ಸೇರಿಸುವವರಿದ್ದಾರೆ. ಕಾರಂತರ ಆ ಕಾದಂಬರಿ ಬಂದದ್ದು 1933ರಲ್ಲಿ. ಕನ್ನಡದಲ್ಲಿ ಹಳೆಯ ಪುಸ್ತಕಗಳು ಹೊಸ ಮುಖಪುಟ ಹೊದ್ದು ಮತ್ತೆ ಮತ್ತೆ ಅಚ್ಚಾಗುತ್ತವೆ, ಹೀಗಾಗಿ ಮೋಸಹೋಗುವುದು ಸುಲಭ. ನೀವು ಬರೆಯುತ್ತಿರುವುದು ಈ ವರ್ಷ ಬಂದ ಪುಸ್ತಕಗಳ ಬಗ್ಗೆಯೋ, ಈ ವರ್ಷ ನೀವು ಓದಿದ ಪುಸ್ತಕಗಳ ಬಗ್ಗೆಯೋ? ತಲೆಬರಹದಲ್ಲೇ ಅದು ಗೊತ್ತಾಗಲಿ.

ಅನುವಾದಕರ ಹೆಸರನ್ನು ಬಿಡಬೇಡಿ. 2025ರಲ್ಲಿ, ಕನ್ನಡ ಕತೆಗಳ ಇಂಗ್ಲಿಷ್ ಅನುವಾದವಾದ ಹಾರ್ಟ್ ಲ್ಯಾಂಪ್‌ಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಬಾನು ಮುಷ್ತಾಕ್ ಅವರ ಜೊತೆ ಅದನ್ನು ಹಂಚಿಕೊಂಡವರು ಅನುವಾದಕಿ ದೀಪಾ ಭಾಸ್ತಿ. ಆ ಪುಸ್ತಕದ ವಿಷಯದಲ್ಲಿ ಇನ್ನೊಂದು ಗೊಂದಲವೂ ಇದೆ. ಅದರಲ್ಲಿರುವ 12 ಕತೆಗಳು 1990ರಿಂದ 2023ರವರೆಗೆ ಬರೆದವುಗಳಿಂದ ಆರಿಸಿದವು. ಬಾನು ಅವರ ಬೇರೆ ಕಥಾಸಂಕಲನವನ್ನು ಕನ್ನಡದಲ್ಲಿ ಓದಿ "ಹಾರ್ಟ್ ಲ್ಯಾಂಪ್ ಓದಿದೆ" ಎಂದು ಬರೆದರೆ ಲೆಕ್ಕ ತಪ್ಪುತ್ತದೆ. ನಿಮ್ಮ ಕೈಯಲ್ಲಿ ಇದ್ದದ್ದು ಯಾವುದೋ ಅದರ ಹೆಸರನ್ನೇ ಬರೆಯಿರಿ.

ಲೇಖಕರ ಹೆಸರನ್ನು ಒಂದೇ ರೂಪದಲ್ಲಿ ಇಡಿ. ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಕೆ.ವಿ. ಪುಟ್ಟಪ್ಪ ಎಂದು ಬರೆದರೆ ಕಂಪ್ಯೂಟರಿಗೆ ಅವರು ಇಬ್ಬರು. ತೇಜಸ್ವಿ, ಪೂರ್ಣಚಂದ್ರ ತೇಜಸ್ವಿ, ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಎಂದು ಮೂರು ಥರ ಬರೆದರೆ ಮೂವರು.

ಆ್ಯಪ್ ಬಳಸುವವರಿಗೆ ಮೂರು ಮಾತು.

ಮೊದಲನೆಯದು, ಐಎಸ್‌ಬಿಎನ್. ಇದು ಪುಸ್ತಕಕ್ಕೆ ಜಗತ್ತಿನಾದ್ಯಂತ ಕೊಡುವ ಗುರುತಿನ ಸಂಖ್ಯೆ. 2007ರಿಂದ 13 ಅಂಕಿಗಳದ್ದು. ಭಾರತದ ಪುಸ್ತಕಗಳಲ್ಲಿ ಹೆಚ್ಚಾಗಿ 978-81 ಅಥವಾ 978-93 ಎಂದು ಶುರುವಾಗುತ್ತದೆ. ಹಿಂಬದಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಆ್ಯಪ್ ಪುಸ್ತಕವನ್ನು ಹುಡುಕುವುದು ಇದರಿಂದಲೇ. ಹಳೆಯ ಕನ್ನಡ ಪುಸ್ತಕಗಳಲ್ಲಿ ಈ ಸಂಖ್ಯೆಯೇ ಇರುವುದಿಲ್ಲ. ಆಗ ಕೈಯಿಂದಲೇ ಟೈಪ್ ಮಾಡಬೇಕು.

ಎರಡನೆಯದು, ಓದಿದ ಪುಸ್ತಕಗಳ ಪಟ್ಟಿ ಇಡುವ ಗುಡ್‌ರೀಡ್ಸ್‌ನಲ್ಲಿ ಹುಡುಕುವಾಗ ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಹುಡುಕಿ. ಒಂದೇ ಪುಸ್ತಕ ಎರಡು ಮೂರು ಕಾಗುಣಿತದಲ್ಲಿ ಬೇರೆ ಬೇರೆಯಾಗಿ ಕೂತಿರುವುದುಂಟು. ಓದಿ ಮುಗಿಸಿದ ತಾರೀಕನ್ನು ಹಾಕಿ. ಹಾಕದಿದ್ದರೆ ಪುಸ್ತಕ "ಓದಿದ್ದು" ಎಂಬ ಕಪಾಟಿನಲ್ಲಿ ಇದ್ದರೂ ಆ ವರ್ಷದ ಲೆಕ್ಕಕ್ಕೆ ಬರುವುದಿಲ್ಲ. "ನಾನು ಇಪ್ಪತ್ತು ಓದಿದ್ದೆ, ಹನ್ನೆರಡೇ ತೋರಿಸ್ತಿದೆ" ಎಂಬ ದೂರಿಗೆ ಬಹುಪಾಲು ಕಾರಣ ಇದೇ.

ಮೂರನೆಯದು, ವರ್ಷಕ್ಕೊಮ್ಮೆ ನಿಮ್ಮ ಪಟ್ಟಿಯನ್ನು ಇಳಿಸಿಟ್ಟುಕೊಳ್ಳಿ. ಅದು ಸಿಎಸ್‌ವಿ ಕಡತವಾಗಿ ಬರುತ್ತದೆ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯ. ಅದನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡ ಅಕ್ಷರಗಳು ಕೆಲವೊಮ್ಮೆ ವಿಚಿತ್ರ ಚಿಹ್ನೆಗಳಾಗಿ ಕಾಣುತ್ತವೆ. ನಾನು ಮೊದಲ ಸಲ ಅದನ್ನು ನೋಡಿ, ಎಲ್ಲ ಹಾಳಾಯಿತೆಂದು ಕಡತವನ್ನೇ ಅಳಿಸಿಬಿಟ್ಟಿದ್ದೆ. ಏನೂ ಹಾಳಾಗಿರಲಿಲ್ಲ. ಎಕ್ಸೆಲ್‌ನಲ್ಲಿ ಡೇಟಾ ಭಾಗಕ್ಕೆ ಹೋಗಿ, ಪಠ್ಯ ಕಡತವಾಗಿ ಒಳಗೆ ತಂದು, ಯುಟಿಎಫ್-8 ಎಂಬುದನ್ನು ಆರಿಸಿದರೆ ಸರಿಹೋಗುತ್ತದೆ. ಯುಟಿಎಫ್-8 ಎಂದರೆ ಎಲ್ಲ ಲಿಪಿಗಳನ್ನೂ ಹಿಡಿದಿಡುವ ಸಂಕೇತ ಪದ್ಧತಿ. ಅಷ್ಟು ತಲೆನೋವು ಬೇಡವೆಂದರೆ ಗೂಗಲ್ ಶೀಟ್ಸ್‌ನಲ್ಲಿ ತೆರೆಯಿರಿ.

ಹಂತ 5: ಎರಡೂ ಹಾಳೆಗಳನ್ನು ಎದುರುಬದುರು ಇಡಿ

ಈಗ ಮೊದಲ ಸಂಜೆಯ ಹಾಳೆ ಹೊರಗೆ ಬರಲಿ. ಒಂದು ಕಡೆ ನೆನಪಿನಿಂದ ಬರೆದದ್ದು, ಇನ್ನೊಂದು ಕಡೆ ಪೂರ್ತಿ ಪಟ್ಟಿ. ಎರಡರಲ್ಲೂ ಇರುವ ಪುಸ್ತಕಕ್ಕೆ ಸುತ್ತು ಹಾಕಿ.

ಮಜಾ ಇರುವುದು ಸುತ್ತು ಬೀಳದ ಪುಸ್ತಕಗಳಲ್ಲಿ. ಓದಿ ಮುಗಿಸಿದ ದಿನ ಐದು ನಕ್ಷತ್ರ ಕೊಟ್ಟ ಪುಸ್ತಕ ನೆನಪಿನ ಹಾಳೆಯಲ್ಲಿ ಇಲ್ಲವೇ ಇಲ್ಲ, ಮೂರು ನಕ್ಷತ್ರ ಕೊಟ್ಟು ಗೊಣಗಿದ್ದು ಎರಡನೆಯ ಸಾಲಿನಲ್ಲೇ ಇದೆ. ಪ್ರತಿ ವರ್ಷವೂ ನನಗೆ ಹೀಗೆ ಎರಡು ಮೂರು ಸಿಗುತ್ತವೆ. ಮುಗಿಸಿದ ಗಳಿಗೆಯ ಖುಷಿಗೂ ಆರು ತಿಂಗಳ ಮೇಲೆ ಉಳಿಯುವುದಕ್ಕೂ ನಂಟು ಕಡಿಮೆ. ನಕ್ಷತ್ರಗಳನ್ನು ನಂಬಿ ಮೆಚ್ಚಿನ ಪಟ್ಟಿ ಮಾಡಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹಾಗಂತ ಮರೆತದ್ದೆಲ್ಲ ಕಳಪೆ ಎಂದಲ್ಲ. ಮಾಹಿತಿಯ ಪುಸ್ತಕ, ಭಾಷೆಯ ಬಗೆಗಿನ ಪುಸ್ತಕ, ಚರಿತ್ರೆ, ಇವು ಚಿತ್ರವಾಗಿ ಉಳಿಯುವುದಿಲ್ಲ. ಓದುಗನ ಮಾತಿನೊಳಗೆ, ವಾದದೊಳಗೆ ಸೇರಿಹೋಗಿರುತ್ತವೆ. ಹೀಗೆ ಮರೆತ ಪ್ರತಿ ಪುಸ್ತಕವನ್ನೂ ಕೈಗೆ ತೆಗೆದುಕೊಂಡು ಐದು ನಿಮಿಷ ತಿರುವಿ. ಒಂದು ಪುಟ ಓದುವಷ್ಟರಲ್ಲಿ ಎಲ್ಲ ನುಗ್ಗಿ ಬಂದರೆ ಅದಕ್ಕೂ ಸುತ್ತು ಹಾಕಿ. ಏನೂ ಬರದಿದ್ದರೆ ಬಿಟ್ಟುಬಿಡಿ, ಪಾಪ ಅನ್ನಿಸಿದರೂ.

ಇನ್ನೊಂದನ್ನು ಗಮನಿಸಿ. ಅಕ್ಟೋಬರ್‌ನಿಂದ ಈಚೆಗೆ ಓದಿದ್ದು ನೆನಪಿನ ಹಾಳೆಯಲ್ಲಿ ತುಂಬಿಕೊಂಡಿರುತ್ತದೆ, ಜನವರಿಯದು ಕಾಣುವುದೇ ಇಲ್ಲ. ಇದು ಸಹಜ. ಅದಕ್ಕೇ ಓದಿದ ತಿಂಗಳು ಬರೆದುಕೊಳ್ಳಿ ಎಂದದ್ದು. ಜನವರಿಯ ಪುಸ್ತಕವೊಂದು ತಾನಾಗಿ ನೆನಪಾಗಿದ್ದರೆ ಅದು ಡಿಸೆಂಬರ್‌ನ ಮೂರು ಪುಸ್ತಕಗಳಿಗೆ ಸಮ ಎಂದು ನಾನು ಲೆಕ್ಕ ಹಾಕುತ್ತೇನೆ.

ಹಂತ 6: ಮೆಚ್ಚಿನವನ್ನು ಆರಿಸಿ, ಆದರೆ ಹತ್ತು ಬೇಡ

ಹತ್ತು ಎಂಬ ಸಂಖ್ಯೆ ಎಲ್ಲಿಂದ ಬಂತೋ, ಅದು ಪಟ್ಟಿಗಳನ್ನು ಕೆಡಿಸಿದೆ. ನಾಲ್ಕು ನಿಜವಾಗಿ ಇಷ್ಟವಾಗಿ ಉಳಿದ ಆರನ್ನು ಸಂಕೋಚಕ್ಕೆ ತುಂಬಿಸಿದ ಪಟ್ಟಿ ಓದುವವರಿಗೆ ಗೊತ್ತಾಗಿಬಿಡುತ್ತದೆ. ನಾಲ್ಕಕ್ಕೆ ನಿಂತರೆ ನಾಲ್ಕೇ ಇರಲಿ.

ಸುತ್ತು ಹಾಕಿದ ಪುಸ್ತಕಗಳಿಗೆ ಈ ಪ್ರಶ್ನೆಗಳನ್ನು ಕೇಳಿ. ಮುಗಿಸಿದ ಮೇಲೆ ಮತ್ತೆ ತೆರೆದಿರಾ? ಯಾರಿಗಾದರೂ ಕೊಟ್ಟಿರಾ, ಅಥವಾ ಕೊಡಲು ಮನಸ್ಸಾಗದೆ ಇಟ್ಟುಕೊಂಡಿರಾ? ಅದು ನಿಮ್ಮನ್ನು ಇನ್ನೊಂದು ಪುಸ್ತಕಕ್ಕೆ ಕಳಿಸಿತೇ? ಬೇರೆ ಮಾತಿನ ನಡುವೆ ಅದರ ಪಾತ್ರವೊಂದು ನಿಮ್ಮ ಬಾಯಿಗೆ ಬಂತೇ? ಎರಡಕ್ಕಾದರೂ ಹೌದು ಎಂದರೆ ಅದು ಮೆಚ್ಚಿನದೇ.

ಇಲ್ಲಿ ದೊಡ್ಡ ಅಪಾಯ ಮುಲಾಜು. ಮುಲಾಜಿನಲ್ಲಿ ಮೂರು ಬಗೆ. ದೊಡ್ಡ ಹೆಸರಿನ ಮುಲಾಜು: ಎರಡನೆಯ ಅಧ್ಯಾಯಕ್ಕೇ ತೂಕಡಿಸಿದ್ದರೂ, ಇದನ್ನು ಬಿಟ್ಟರೆ ಜನ ಏನೆಂದುಕೊಂಡಾರು ಎಂದು ಸೇರಿಸುವುದು. ಗೆಳೆತನದ ಮುಲಾಜು: ಬಿಡುಗಡೆ ಸಮಾರಂಭಕ್ಕೆ ಹೋಗಿದ್ದೆ, ಸಹಿ ಹಾಕಿ ಕೊಟ್ಟಿದ್ದಾರೆ, ಹಾಕದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಕನ್ನಡದ ಓದುಗ ವಲಯ ಚಿಕ್ಕದು, ಈ ಒತ್ತಡ ಸುಳ್ಳಲ್ಲ. ಗೆಳೆಯರ ಪುಸ್ತಕ ಸೇರಿಸುವುದಾದರೆ "ಇವರು ನನ್ನ ಗೆಳೆಯರು" ಎಂದು ಅಲ್ಲೇ ಬರೆದುಬಿಡಿ, ಅರ್ಧ ಭಾರ ಇಳಿಯುತ್ತದೆ. ಮೂರನೆಯದು ಪ್ರಶಸ್ತಿಯ ಮುಲಾಜು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗಳು ಸಾಮಾನ್ಯವಾಗಿ ಡಿಸೆಂಬರ್‌ನಲ್ಲೇ ಪ್ರಕಟವಾಗುತ್ತವೆ, ನೀವು ಪಟ್ಟಿ ಮಾಡಲು ಕೂತ ಹೊತ್ತಿಗೇ. ಆ ಸುದ್ದಿ ಬರುವ ಮೊದಲೇ ನಿಮ್ಮ ಆಯ್ಕೆ ಮುಗಿಸಿದ್ದರೆ ಒಳ್ಳೆಯದು.

ಒಂದು, ಎರಡು, ಮೂರು ಎಂದು ಸ್ಥಾನ ಕೊಡುವುದೂ ಬೇಡ. ಒಂದು ಕವನ ಸಂಕಲನವನ್ನೂ ಆರುನೂರು ಪುಟ ದಾಟುವ ಕಾದಂಬರಿಯನ್ನೂ ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

ಹಂತ 7: ಪುಸ್ತಕಕ್ಕೊಂದು ಪ್ಯಾರಾ ಬರೆಯಿರಿ

ಜನ ಹೆಚ್ಚು ಹೆದರುವುದು ಇಲ್ಲಿಗೆ. ಹೆದರಬೇಕಿಲ್ಲ, ನಿಮ್ಮ ಹತ್ತಿರ ಮೊದಲ ಸಂಜೆಯ ಹಾಳೆ ಇದೆ. ಅಲ್ಲಿ ಹೆಸರಿನ ಪಕ್ಕ ಬರೆದ ಆ ಒಂದು ಸಂಗತಿಯೇ ಪ್ಯಾರಾದ ಮೊದಲ ಸಾಲು.

ಒಂದು ಉದಾಹರಣೆ ಕೊಡುತ್ತೇನೆ. ತೇಜಸ್ವಿಯವರ ಕರ್ವಾಲೊ ಎಲ್ಲರೂ ಓದಿರುವ ಪುಸ್ತಕ, 1980ರದ್ದು. ಅದರ ಬಗ್ಗೆ ಸಾಮಾನ್ಯವಾಗಿ ಬರುವ ಪ್ಯಾರಾ ಹೀಗಿರುತ್ತದೆ: "ಪರಿಸರ, ವಿಜ್ಞಾನ, ಬದುಕು ಎಲ್ಲವನ್ನೂ ಅದ್ಭುತವಾಗಿ ಕಟ್ಟಿಕೊಡುವ ಮೇರು ಕೃತಿ. ಒಂದೇ ಉಸಿರಿಗೆ ಓದಿಸಿಕೊಂಡು ಹೋಗುತ್ತದೆ. ಪ್ರತಿಯೊಬ್ಬರೂ ಓದಲೇಬೇಕು." ಇದರಲ್ಲಿ ಕರ್ವಾಲೊ ಎಂಬ ಹೆಸರನ್ನು ತೆಗೆದು ಇನ್ನಾವುದನ್ನು ಹಾಕಿದರೂ ನಡೆಯುತ್ತದೆ. ಬರೆದವರು ಪುಸ್ತಕ ತೆರೆದಿದ್ದರೆಂಬುದಕ್ಕೂ ಇದರಲ್ಲಿ ಪುರಾವೆ ಇಲ್ಲ.

ಈಗ ಇದನ್ನು ನೋಡಿ: "ಹತ್ತನೇ ತರಗತಿಯಲ್ಲಿ ಓದಿದ್ದಾಗ ನನ್ನ ಕಣ್ಣೆಲ್ಲ ಹಾರುವ ಓತಿಯ ಮೇಲೆ. ಈ ಜೂನ್‌ನಲ್ಲಿ ಮತ್ತೆ ಓದಿದಾಗ ಮಂದಣ್ಣನನ್ನು ಬಿಟ್ಟು ಕಣ್ಣು ಕದಲಲಿಲ್ಲ. ಜೇನು ಕೀಳುತ್ತ ತಿರುಗುವ ಅವನು ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊಗೆ ಮಾತ್ರ ಅವನು ಹುಟ್ಟಾ ಪ್ರಕೃತಿ ವಿಜ್ಞಾನಿ. ನಮ್ಮ ಊರಿನಲ್ಲಿ ಎಷ್ಟು ಜನ ಮಂದಣ್ಣರನ್ನು ನಾವು ಹಾಗೇ ಬಿಟ್ಟಿದ್ದೇವೋ ಎಂದು ಆಮೇಲೆ ಒಂದು ವಾರ ಅದೇ ಯೋಚನೆ."

ಎರಡನೆಯದು ದೊಡ್ಡ ವಿಮರ್ಶೆಯೇನಲ್ಲ. ಯಾವಾಗ ಓದಿದರು, ಏನು ಕಣ್ಣಿಗೆ ಬಿತ್ತು, ಅದರಿಂದ ಏನಾಯಿತು, ಮೂರೇ ಸಂಗತಿ. ಅಷ್ಟಿದ್ದರೆ ಸಾಕು. ಅರವತ್ತರಿಂದ ನೂರು ಪದ.

ಬರೆದ ಮೇಲೆ ಒಮ್ಮೆ ಬಾಚಣಿಗೆ ಹಾಕಿ. "ಅದ್ಭುತ", "ಮನಮುಟ್ಟುವ", "ವಿಭಿನ್ನ", "ಮೇರು ಕೃತಿ", "ಓದಲೇಬೇಕಾದ", "ಒಂದೇ ಉಸಿರಿಗೆ" ಸಿಕ್ಕಿದಲ್ಲೆಲ್ಲ ಹೊಡೆದು ಹಾಕಿ. ವಾಕ್ಯ ಕುಸಿದು ಬಿದ್ದರೆ ಅದರಲ್ಲಿ ಬೇರೇನೂ ಇರಲಿಲ್ಲ ಎಂದರ್ಥ.

ಬೆನ್ನುಡಿಯನ್ನು, ಅಂದರೆ ಹಿಂಬದಿಯ ರಕ್ಷಾಪುಟದಲ್ಲಿ ಅಚ್ಚಾಗಿರುವ ಮೆಚ್ಚುಗೆಯ ಮಾತನ್ನು, ನಕಲು ಮಾಡಬೇಡಿ. ತಿಳಿದು ಮಾಡುವವರು ಕಡಿಮೆ. ಅರಿವಿಲ್ಲದೆ ಆಗುವುದೇ ಹೆಚ್ಚು, ಬರೆಯುವಾಗ ಪುಸ್ತಕ ಪಕ್ಕದಲ್ಲಿ ಬೋರಲು ಬಿದ್ದಿರುತ್ತದಲ್ಲ! ಮುನ್ನುಡಿಯ ಅಭಿಪ್ರಾಯವೂ ಹಾಗೆಯೇ ನಮ್ಮದಾಗಿಬಿಡುತ್ತದೆ. ಅದಕ್ಕೇ ಪ್ಯಾರಾ ಬರೆಯುವಾಗ ಪುಸ್ತಕ ಮುಚ್ಚಿ ದೂರ ಇಡಿ, ಹೆಸರು ಮತ್ತು ಇಸವಿ ಹೊಂದಿಸಿ ನೋಡಲು ಕೊನೆಗೆ ಮಾತ್ರ ತೆರೆಯಿರಿ.

ಕತೆಯ ಗುಟ್ಟು ಬಿಟ್ಟುಕೊಡಬೇಡಿ. ಕ್ಲಾಸಿಕ್ ಆದರೆ ಹೇಳಬಹುದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕನ್ನಡ ಓದುವುದನ್ನು ಈಗಷ್ಟೇ ಶುರುಮಾಡಿದ ಒಬ್ಬ ಹುಡುಗಿಗೆ ಚೋಮನ ದುಡಿ ಇವತ್ತು ಬಂದ ಪುಸ್ತಕವೇ. ಮೇಲೆ ಓತಿಗೆ ಏನಾಯಿತೆಂದು ನಾನೂ ಹೇಳಿಲ್ಲ, ಗಮನಿಸಿದಿರಿ ಅಲ್ವಾ?

ಇಷ್ಟವಾಗದ ಅಂಶವೊಂದು ಇದ್ದರೆ ಅದನ್ನೂ ಬರೆಯಿರಿ. "ಕೊನೆಯ ಐವತ್ತು ಪುಟ ಎಳೆದಂತಾಯಿತು" ಎಂಬ ಒಂದು ಸಾಲು ಮೇಲಿನ ಹೊಗಳಿಕೆಯನ್ನು ನಂಬುವಂತೆ ಮಾಡುತ್ತದೆ.

ಹಂತ 8: ಅರ್ಧಕ್ಕೆ ಬಿಟ್ಟವುಗಳ ಪಟ್ಟಿ

ಚಿಕ್ಕ ಹಂತ, ಆದರೆ ಮಾಡಿ. ಬಿಟ್ಟ ಪುಸ್ತಕದ ಹೆಸರು, ಎಷ್ಟನೆಯ ಪುಟದಲ್ಲಿ ಬಿಟ್ಟಿರಿ, ಯಾಕೆ ಬಿಟ್ಟಿರಿ. "ಬೇಜಾರಾಯಿತು" ಎಂದಷ್ಟೇ ಬರೆದರೆ ಸಾಲದು. ಅಕ್ಷರ ಚಿಕ್ಕದಿತ್ತೇ? ಭಾಷೆ ಹಿಡಿಯಲಿಲ್ಲವೇ? ದೇವನೂರ ಮಹಾದೇವ ಅವರ ಕುಸುಮಬಾಲೆಯನ್ನು ಮೊದಲ ಸಲ ಅರ್ಧಕ್ಕೆ ಬಿಟ್ಟವರು ಬಹಳ ಮಂದಿ. ನಂಜನಗೂಡು ಸೀಮೆಯ ಮಾತಿನ ಲಯ ಕಿವಿಗೆ ಹತ್ತಲು ಹೊತ್ತು ಬೇಕು. ಅಂಥದ್ದಕ್ಕೆ "ಮುಂದಿನ ಸಲ ಗಟ್ಟಿಯಾಗಿ ಓದಬೇಕು" ಎಂದು ಬರೆದಿಟ್ಟುಕೊಂಡರೆ, ಮತ್ತೆ ಕೈಗೆತ್ತಿಕೊಂಡಾಗ ದಾರಿ ಸಿಗುತ್ತದೆ. ಈ ಪಟ್ಟಿಯನ್ನು ಹೊರಗೆ ತೋರಿಸಬೇಕಾಗಿಲ್ಲ.

ಹಂತ 9: ಲೆಕ್ಕ, ಬೇಕಿದ್ದವರಿಗೆ

ಒಟ್ಟು ಪುಸ್ತಕ ಎಷ್ಟು, ಪುಟ ಎಷ್ಟು ಎಂಬುದು ನೋಡಲು ಖುಷಿ, ತಿಳಿಯುವುದು ಕಡಿಮೆ. ಇ-ಪುಸ್ತಕಗಳಲ್ಲಿ ಅಕ್ಷರದ ಗಾತ್ರ ಬದಲಾದಂತೆ ಪುಟಗಳೂ ಬದಲಾಗುತ್ತವೆ. ಹೊರದೇಶದಲ್ಲಿದ್ದು ಕನ್ನಡವನ್ನು ಹೆಚ್ಚಾಗಿ ಫೋನಿನಲ್ಲೇ ಓದುವವರಿಗೆ ಪುಟದ ಲೆಕ್ಕ ಅರ್ಥವೇ ಇಲ್ಲದ್ದು.

ನನಗೆ ಉಪಯೋಗಕ್ಕೆ ಬಂದ ಎಣಿಕೆಗಳು ಬೇರೆ. ಮಹಿಳೆಯರು ಬರೆದದ್ದು ಎಷ್ಟು? 1980ಕ್ಕಿಂತ ಹಿಂದಿನವು ಎಷ್ಟು? ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದವು ಎಷ್ಟು, ಅದರಲ್ಲಿ ತಮಿಳು, ತೆಲುಗು, ಮಲಯಾಳಂ, ಮರಾಠಿಯವು ಎಷ್ಟು? ಎಷ್ಟು ಪುಸ್ತಕಗಳ ಕತೆ ಬೆಂಗಳೂರು, ಮೈಸೂರು, ಮಲೆನಾಡಿನಲ್ಲೇ ನಡೆಯುತ್ತದೆ? ಈ ಕೊನೆಯ ಲೆಕ್ಕ ಹಾಕಿದ ವರ್ಷ ನನ್ನ ಪಟ್ಟಿಯಲ್ಲಿ ಕಲಬುರಗಿ, ಬೀದರ್, ರಾಯಚೂರಿನ ಕಡೆಯದು ಒಂದೂ ಇರಲಿಲ್ಲ. ಬಳ್ಳಾರಿಯಿಂದ ಮೇಲಕ್ಕೆ ನನ್ನ ಓದು ಹೋಗಿಯೇ ಇರಲಿಲ್ಲ ಎನ್ನಿ.

ಹಂತ 10: ಮುಂದಿನ ಡಿಸೆಂಬರ್‌ಗೆ ಈಗಲೇ ಸಿದ್ಧತೆ

ಇಷ್ಟೆಲ್ಲ ಪತ್ತೇದಾರಿ ಕೆಲಸ ಮುಂದಿನ ಸಲ ಬೇಡವೆಂದರೆ ಒಂದು ಅಭ್ಯಾಸ ಸಾಕು. ಪುಸ್ತಕ ಮುಗಿಸಿದ ದಿನ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ಮೂರು ಸಾಲು ಬರೆಯಿರಿ: ಮುಗಿಸಿದ ತಾರೀಕು, ಎಲ್ಲಿ ಕೂತು ಓದಿದ್ದು, ಕಣ್ಣು ಮುಚ್ಚಿದರೆ ಬರುವ ಒಂದು ದೃಶ್ಯ. ಗ್ರಂಥಾಲಯದ ಅಥವಾ ಎರವಲಿನ ಪುಸ್ತಕವಾದರೆ ಹಾಳೆಯನ್ನು ಮುಟ್ಟಬೇಡಿ, ಅದೇ ಮೂರು ಸಾಲನ್ನು ಮುಖಪುಟದ ಫೋಟೊ ಜೊತೆ ನಿಮಗೆ ನೀವೇ ವಾಟ್ಸ್ಆ್ಯಪ್ ಮಾಡಿಕೊಳ್ಳಿ.

"ಮುಂದಿನ ವರ್ಷ ಐವತ್ತು ಓದುತ್ತೇನೆ" ಎಂಬ ಗುರಿ ಬೇಡ. ಐವತ್ತರ ಬೆನ್ನು ಹತ್ತಿದವರು ತೆಳ್ಳಗಿನ ಪುಸ್ತಕಗಳನ್ನೇ ಹುಡುಕತೊಡಗುತ್ತಾರೆ, ಮಲೆಗಳಲ್ಲಿ ಮದುಮಗಳು ಮತ್ತೆ ಕಪಾಟಿನಲ್ಲೇ ಉಳಿಯುತ್ತಾಳೆ. ಅದರ ಬದಲು ಒಂಬತ್ತನೆಯ ಹಂತದ ಲೆಕ್ಕದಲ್ಲಿ ಸೊನ್ನೆ ಬಂದ ಕಡೆ ಬೆರಳಿಟ್ಟು, ಅಲ್ಲಿಂದ ಒಂದೇ ಒಂದು ಪುಸ್ತಕವನ್ನು ಜನವರಿಗೆ ತಂದಿಟ್ಟುಕೊಳ್ಳಿ. ನನ್ನದು ಈಗಾಗಲೇ ಮೇಜಿನ ಮೇಲಿದೆ, ಕಲಬುರಗಿಯಿಂದ ಬಂದ ಗೆಳೆಯರೊಬ್ಬರು ಕೊಟ್ಟದ್ದು. ಯುಗಾದಿಯೊಳಗೆ ವಾಪಸ್ ಕೊಡಬೇಕಂತೆ.